ಅಮ್ಮಣ್ಣಿಗೆ ಅಂಬಲಿ ಕೊಟ್ಟ ಚೌಡ

“ಕೇಳಿರಯ್ಯಾ ಕೇಳಿ! ರಾಜಕುಮಾರಿ ಹೇಮಾವಳಿಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!” ಎಂದು ಮುಗಿಲೂರಿನಲ್ಲಿ ಡಂಗುರ ಸಾರಿದರು.

ಹೇಮಾವಳಿ ಎರಡು ವರ್ಷದಿಂದ ಅನ್ನ ಮುಟ್ಟಿರಲಿಲ್ಲ. ಆಸ್ಥಾನದ ವೈದ್ಯ ವಜ್ರದತ್ತ ತನ್ನ ಕುಲುಮೆಯಲ್ಲಿ ಮಾಡಿದ ಬಣ್ಣಬಣ್ಣದ ಗುಳಿಗೆಗಳೇ ಅವಳ ಊಟ. “ಹಣ್ಣು, ಕಾಳು, ಸೊಪ್ಪಿನ ಗುಣವೆಲ್ಲ ಇದರಲ್ಲೇ ಇದೆ” ಎನ್ನುತ್ತಿದ್ದ ಆತ. ಅವಳೋ ಮಂಜಿನಂತೆ ತೆಳ್ಳಗಾಗಿ, ಹಗಲಿಡೀ ಅರೆನಿದ್ದೆಯಲ್ಲಿ ತೇಲುತ್ತಿದ್ದಳು. ಒಗಟುಗಳು ಆ ನಿದ್ದೆಯಲ್ಲೇ ಕೇಳಿಸಿದ್ದವು. ಸರಿಯುತ್ತರ ಕಿವಿಗೆ ಬಿದ್ದರೆ ತನಗೆ ತಿಳಿಯುತ್ತದೆ ಎನ್ನುತ್ತಿದ್ದಳು.

ತುಂಬಿದ ಸಭೆಯಲ್ಲಿ ಹೇಮಾವಳಿ ಮೊದಲ ಒಗಟು ಕೇಳಿದಳು: “ನಾಲಿಗೆಗೆ ಹುಳಿ, ಆಮೇಲೆ ಕುಡಿದ ನೀರೂ ಸಿಹಿ. ಯಾವುದು?”

“ಮುತ್ತಿನ ಭಸ್ಮ,” ಎಂದ ಒಬ್ಬ ರಾಜಕುಮಾರ. “ದ್ರಾಕ್ಷಾರಸ,” ಎಂದ ಇನ್ನೊಬ್ಬ. ಇಬ್ಬರನ್ನೂ ಭಟರು ಸೆರೆಮನೆಗೆ ಎಳೆದೊಯ್ದರು.

ಅಡುಗೆಮನೆಗೆ ಸೊಪ್ಪು ತರುವ ಚೌಡನಿಗೆ ಆ ಬಾಡಿದ ಮುಖ ನೋಡಲಾಗಲಿಲ್ಲ. ಬುಟ್ಟಿ ಕೆಳಗಿಟ್ಟು ಮುಂದೆ ಬಂದ.

“ಬೆಟ್ಟದ ನೆಲ್ಲಿಕಾಯಿ, ಅಮ್ಮಣ್ಣಿ.”

ಹೇಮಾವಳಿಯ ರೆಪ್ಪೆ ಅಲುಗಿತು. “ಒಂದೇ ಮನೆಯಲ್ಲಿ ನೂರು ಜನ. ಒಟ್ಟಿಗಿದ್ದರೆ ಮನೆ ಬೆಳೆಯುತ್ತದೆ, ಬಿಡಿಸಿದರೆ ಬೂದಿ. ಯಾವ ಮನೆ?”

“ರಾಗಿಕಾಳು. ಇಡಿಯಾಗಿ ಬಿತ್ತಿದರೆ ಮೊಳೆಯುತ್ತೆ. ಅದರ ಗುಣಗಳನ್ನ ಒಂದೊಂದೇ ತೆಗೆದು ಗುಳಿಗೆ ಮಾಡಿ ಬಿತ್ತಿ ನೋಡಿ, ಏನು ಹುಟ್ಟುತ್ತೆ?”

ವಜ್ರದತ್ತ ಎದ್ದು ನಿಂತ. ಅರಸ ಕೈಸನ್ನೆಯಿಂದ ಅವನನ್ನು ಕೂರಿಸಿದ.

ಹೇಮಾವಳಿ ಮೂರನೆಯದನ್ನು ಕೇಳಿದಳು: “ಹುಳಿ, ಕ್ಷಾರ ಎಂಬ ಇಬ್ಬರು ಜಗಳಗಂಟರು ಒಂದೇ ಮನೆಯಲ್ಲಿದ್ದಾರೆ. ನಾವು ಮಲಗಿದಾಗಲೂ ಅವರನ್ನು ಸರಿದೂಗಿಸುವವರು ಯಾರು?”

ಚೌಡನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಭಟ ಕತ್ತಿಗೆ ಕೈಹಾಕಿದ. ಚೌಡ ಹೇಮಾವಳಿಯನ್ನೇ ನೋಡಿದ. ಅವಳ ಎದೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

“ನಿಮ್ಮ ಉಸಿರು, ಅಮ್ಮಣ್ಣಿ! ಒಡಲಲ್ಲಿ ಹೆಚ್ಚಾದ ಹುಳಿಯನ್ನ ಅದೇ ಹೊರಗೆ ಹಾಕುತ್ತೆ. ಒಡಲು ತನ್ನ ತಕ್ಕಡಿಯನ್ನ ತಾನೇ ಹಿಡಿದಿದೆ. ನಾವು ಅದಕ್ಕೆ ಊಟ ಕೊಟ್ಟರೆ ಸಾಕು.”

ಹೇಮಾವಳಿ ಕಣ್ಣು ಪೂರ್ತಿ ತೆರೆದಳು. “ಹಾಗಾದರೆ ಕೊಡಿ,” ಎಂದಳು.

ಚೌಡ ತೆಳ್ಳಗೆ ರಾಗಿ ಅಂಬಲಿ ಕಾಯಿಸಿ ತಂದ. ಅವಳು ನಿಧಾನವಾಗಿ, ಬಟ್ಟಲು ಬರಿದಾಗುವವರೆಗೂ ಕುಡಿದಳು. ಅರಸನ ಕಣ್ಣು ತುಂಬಿ ಬಂತು.

“ಏನು ಬೇಕು ಕೇಳಪ್ಪಾ.”

“ಆ ಇಬ್ಬರು ರಾಜಕುಮಾರರ ತಲೆ, ಮಹಾಪ್ರಭು. ಅವರ ಹೆಗಲ ಮೇಲೇ ಇರಲಿ.”

ಅರಸ ಅವರನ್ನು ಬಿಡಿಸಿದ. ಅರಮನೆಯ ತೋಟವನ್ನೂ ಚೌಡನ ಹೆಸರಿಗೆ ಬರೆದುಕೊಟ್ಟ. ಮುಂದಿನ ಸುಗ್ಗಿಯಲ್ಲಿ ಅದೇ ತೋಟದಲ್ಲಿ ಹೇಮಾವಳಿ ಅವನ ಕೈಹಿಡಿದಳು. ಊರಿಗೆಲ್ಲ ಅವಳೇ ನಿಂತು ಬಡಿಸಿದಳು.