ಗಾಳಿಯಲ್ಲಿ ನಿಂತ ಕುದುರೆ

"ಗುರುಗಳೇ, ವರ್ಷಗಟ್ಟಲೆ ಪ್ರೀತಿಸಿದ ಕತೆಯ ಕೊನೆಯ ಭಾಗ ಮನಸ್ಸಿಗೆ ತೃಪ್ತಿ ಕೊಡುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. "ಯಾವ ಕತೆ?" ಎಂದರು.

"ಸಿನಿಮಾ, ಗುರುಗಳೇ. ಮಾತಾಡುವ ಕಾಡು, ಮಾಟಗಾತಿ, ತೇಲುವ ಕೋಟೆ ಎಲ್ಲ ಇರುವ ಸರಣಿ. ಮೊದಲನೆಯದು ಬಂದಾಗ ನಾನು ಚಡ್ಡಿ ಹಾಕುತ್ತಿದ್ದೆ. ಈಗ ಕೊನೆಯದು ಬಂದಿದೆ. ನೋಡಿದವರಲ್ಲಿ ಅರ್ಧ ಜನ ಅದ್ಭುತ ಎನ್ನುತ್ತಾರೆ. ಇನ್ನರ್ಧ ಜನ ಎಲ್ಲ ಹಾಳು ಮಾಡಿಬಿಟ್ಟರು ಎನ್ನುತ್ತಾರೆ. ಸಂಜೆಯ ಆಟಕ್ಕೆ ಟಿಕೆಟ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಹೋಗಲು ಕಾಲೇ ಬರುತ್ತಿಲ್ಲ."

"ಕಾಲಿಗೆ ಏನಾಯಿತು?"

"ಕೊನೆ ಚೆನ್ನಾಗಿಲ್ಲದಿದ್ದರೆ ಇಷ್ಟು ವರ್ಷದ ಪ್ರೀತಿಯೆಲ್ಲ ನೀರಿನಲ್ಲಿ ಮಾಡಿದ ಹೋಮ. ನೋಡದೆ ಉಳಿದರೆ ಅದು ಹಾಳಾಗುವುದೇ ಇಲ್ಲವಲ್ಲ."

"ಹಾಗಾದರೆ ಒಂದು ಕತೆ ಕೇಳು," ಎಂದರು ಗುರುಗಳು. "ಇದು ನಾನು ಕಣ್ಣಾರೆ ಕಂಡದ್ದು. ನಾನು ಹುಟ್ಟುವುದಕ್ಕೆ ಮುಂಚೆ ನಡೆದದ್ದು."

ಶಿಷ್ಯ ಬಾಯಿ ತೆರೆದ. ಗುರುಗಳು ಅದರೊಳಗೆ ಎರಡು ಕಡಲೆ ಹಾಕಿ ಕತೆ ಶುರು ಮಾಡಿದರು.

ಒಂದು ಊರಿಗೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬ ಕತೆಗಾರ ಬರುತ್ತಿದ್ದ. ಒಂದೇ ಕತೆ. ವರ್ಷಕ್ಕೆ ಒಂದು ಭಾಗ. ರೆಕ್ಕೆಯಿದ್ದ ಕುದುರೆಯ ಕತೆ ಅದು. ಕುದುರೆಗೆ ಎಡಗಾಲು ಕುಂಟು. ಒಬ್ಬ ಮಾಂತ್ರಿಕ ಒಂದು ರಾಜ್ಯದ ಬೆಳಗನ್ನು ಕದ್ದು ಮಡಕೆಯೊಳಗೆ ಮುಚ್ಚಿಟ್ಟಿದ್ದ. ಅದನ್ನು ತರಲು ಆ ರಾಜ್ಯದ ಒಬ್ಬ ಹುಡುಗಿ ಕುಂಟು ಕುದುರೆಯ ಬೆನ್ನೇರಿ ಹೊರಟಿದ್ದಳು. ಅವಳನ್ನು ಮದುವೆಯಾಗುತ್ತೇನೆಂದು ಒಬ್ಬ ಪೆದ್ದ ರಾಜಕುಮಾರ ಹಿಂದೆ ಬಿದ್ದಿದ್ದ. ಊರಿಗೆ ಊರೇ ಈ ಕತೆಗೆ ಮರುಳಾಗಿತ್ತು. ಮಕ್ಕಳು ಕುಂಟುತ್ತಾ ಓಡುತ್ತಿದ್ದರು. ಮಾಂತ್ರಿಕನ ಹೆಸರೆತ್ತಿದರೆ ಹೆಂಗಸರು ನೆಟಿಕೆ ಮುರಿದು ಶಾಪ ಹಾಕುತ್ತಿದ್ದರು.

ಕತೆ ಕೇಳುವುದಕ್ಕೆ ಆ ಊರಿನಲ್ಲಿ ಒಂದು ಕಟ್ಟುಪಾಡಿತ್ತು. ಕತೆಗಾರ ಒಂದು ಮಾತು ಹೇಳಿ ನಿಲ್ಲಿಸಬೇಕು. ಕೇಳುವವರೆಲ್ಲರ ಪರವಾಗಿ ಒಬ್ಬ "ಹೂಂ" ಅನ್ನಬೇಕು. ಆಮೇಲೆಯೇ ಮುಂದಿನ ಮಾತು. ಹೂಂ ಬರದಿದ್ದರೆ ಕತೆ ಅಲ್ಲಿಗೇ ನಿಲ್ಲಬೇಕು. ಒಂದು ಕತೆಗೆ ಹೂಂಗುಟ್ಟಲು ಒಪ್ಪಿಕೊಂಡವನೇ ಅದು ಮುಗಿಯುವ ತನಕ ಹೂಂಗುಟ್ಟಬೇಕು. ಬೇರೆಯವರ ಹೂಂ ಲೆಕ್ಕಕ್ಕಿಲ್ಲ.

ಈ ಕತೆಗೆ ಹೂಂಗುಟ್ಟುತ್ತಿದ್ದವನು ಒಬ್ಬ ಗಾಣಿಗ. ಅವನ ಎತ್ತು ದಿನವಿಡೀ ನಡೆದು ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಹಿಂದೆ ಅವನೂ ಅಷ್ಟೇ. ಅಂಥವನಿಗೆ ಕುಂಟು ಕುದುರೆಯೊಂದು ಹಾರಿತು ಎಂದು ಕೇಳಿದರೆ ಹೇಗಿರಬೇಡ? ಕುದುರೆ ನೆಲ ಬಿಟ್ಟು ಎದ್ದಾಗಲೆಲ್ಲ ಅವನ ಹೂಂ ಪಕ್ಕದ ಊರಿಗೂ ಕೇಳುತ್ತಿತ್ತು.

ಹೀಗೆ ಕೊನೆಯ ಭಾಗದ ವರ್ಷ ಬಂತು. ಕತೆಗಾರ ಊರಿಗೆ ಕಾಲಿಡುವ ಮೊದಲೇ ಜನ ಅವನನ್ನು ಮುತ್ತಿಕೊಂಡರು.

"ಮಾಂತ್ರಿಕ ನರಳಿ ನರಳಿ ಸಾಯಬೇಕು," ಎಂದ ಒಬ್ಬ ವರ್ತಕ. "ಸುಮ್ಮನೆ ಸತ್ತರೆ ನಾನು ಒಪ್ಪೋದಿಲ್ಲ."

"ಆಗಲಿ," ಎಂದ ಕತೆಗಾರ.

"ಆ ಪೆದ್ದ ರಾಜಕುಮಾರನಿಗೆ ನಮ್ಮ ಹುಡುಗಿಯನ್ನು ಕಟ್ಟಿದೆಯೋ, ಈ ಊರಲ್ಲಿ ನಿನಗೆ ತುತ್ತು ಅನ್ನ ಹುಟ್ಟೋದಿಲ್ಲ ನೋಡು," ಎಂದಳು ಹೂ ಮಾರುವ ಹೆಂಗಸು.

"ಆಗಲಿ, ತಾಯಿ."

ಗಾಣಿಗ ಮಾತ್ರ ಏನೂ ಕೇಳಲಿಲ್ಲ. ಎಲ್ಲರ ಹಿಂದೆ ನಿಂತಿದ್ದ.

ಸಂಜೆ ಚಾವಡಿಯ ಮುಂದೆ ಊರು ಸೇರಿತು. ಕತೆಗಾರ ಹೇಳತೊಡಗಿದ.

"ಹುಡುಗಿ ಮಡಕೆಯನ್ನು ಎತ್ತಿಕೊಂಡಳು."

"ಹೂಂ."

"ಕುದುರೆ ಅವಳನ್ನು ಹೊತ್ತು ಉರಿಯುವ ಕಣಿವೆಯ ಮೇಲೆ ಹಾರಿತು."

"ಹೂಂ!"

"ಕುದುರೆಯ ರೆಕ್ಕೆಗೆ ಬೆಂಕಿ ಹತ್ತಿತು."

ಹೂಂ ಬರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಗಾಣಿಗ ತುಟಿ ಬಿಗಿದುಕೊಂಡು ಕುಳಿತಿದ್ದ.

"ಲೋ, ನಿದ್ದೆ ಬಂತೇನೋ?" ಎಂದ ವರ್ತಕ. "ಹೂಂ ಅನ್ನೋ!"

"ಅನ್ನೋದಿಲ್ಲ," ಎಂದ ಗಾಣಿಗ. "ಮುಂದಿನ ಮಾತು ಏನೂಂತ ನನಗೆ ಗೊತ್ತು. ನಾನು ಹೂಂ ಅಂದರೆ ಕುದುರೆ ಸಾಯುತ್ತದೆ."

ಜನ ಬೈದರು. ಕಾಲು ಹಿಡಿದರು. ಕೆಲವರು ತಾವೇ ಹೂಂ ಅಂದು ನೋಡಿದರು. ಕತೆಗಾರ, "ಆ ಹೂಂ ನಡೆಯುವುದಿಲ್ಲ," ಎಂದು ಹೇಳಿ ವರ್ತಕನ ಜಗಲಿಯಲ್ಲಿ ಕಾಲು ಚಾಚಿದ. ಒಳಗೊಳಗೆ ಅವನಿಗೂ ಹಾಯೆನಿಸಿತ್ತು. ಎಲ್ಲರಿಗೂ ಆಗಲಿ ಆಗಲಿ ಅಂದಿದ್ದನಲ್ಲ.

ಮಾರನೆಯ ದಿನ ಊರವರಿಗೂ ಇದೇ ಒಳ್ಳೆಯದು ಅನ್ನಿಸಿತು. ಕತೆ ಮುಗಿಯಲಿಲ್ಲ, ನಿಜ. ಕೆಟ್ಟದಾಗಿ ಮುಗಿಯಲೂ ಇಲ್ಲವಲ್ಲ. ಆಮೇಲೆ ನಿಧಾನವಾಗಿ ಶುರುವಾಯಿತು. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗತೊಡಗಿತು. ಹೆಂಗಸರು ಆಕಾಶ ನೋಡುತ್ತಿದ್ದರು. ವರ್ತಕ ಬೆಲ್ಲ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟ. ಅದನ್ನು ಕೊಂಡವರು ಪಾಯಸಕ್ಕೆ ಹಾಕಿಬಿಟ್ಟರು, ಬಡಿಸಿಕೊಂಡವರು ಸುಮ್ಮನೆ ಉಂಡು ಎದ್ದರು. "ಅಮ್ಮಾ, ಕುದುರೆ ಎಲ್ಲಿದೆ?" ಎಂದು ಮಕ್ಕಳು ಕೇಳಿದರೆ ತಾಯಂದಿರು, "ಮೇಲಿದೆ, ಮಲಗು," ಎನ್ನುತ್ತಿದ್ದರು. ಮಕ್ಕಳು ಮಲಗಲಿಲ್ಲ. ತಾಯಂದಿರೂ ಮಲಗಲಿಲ್ಲ. ಬಲಗಾಲು ಕುಂಟಾದ ಆ ಕುದುರೆ ಎಲ್ಲರ ತಲೆಯ ಮೇಲೆ ನಿಂತುಬಿಟ್ಟಿತ್ತು.

"ಗುರುಗಳೇ, ಆಗ ಎಡಗಾಲು ಅಂದಿರಿ," ಎಂದ ಶಿಷ್ಯ.

"ಆಗ ಅದು ಬರುತ್ತಿತ್ತು. ಈಗ ಹೋಗುತ್ತಿದೆ. ಸುಮ್ಮನೆ ಕೇಳು."

ಎಲ್ಲರಿಗಿಂತ ಕೆಟ್ಟ ಸ್ಥಿತಿ ಗಾಣಿಗನದು. ಊರಿನವರ ಕಣ್ಣಿಗೆ ಕಣ್ಣು ಕೊಡಲಾರ. ಗಾಣಕ್ಕೆ ಎಳ್ಳು ಹಾಕುವುದನ್ನೇ ಮರೆತು ಎತ್ತನ್ನು ಸುಮ್ಮನೆ ಸುತ್ತಿಸುತ್ತಿದ್ದ. ಆದರೂ ಹೂಂ ಅನ್ನಲಿಲ್ಲ. ಹೌದು ಅನ್ನಬೇಕಾದಲ್ಲೆಲ್ಲ ಬರೀ ತಲೆಯಾಡಿಸುತ್ತಿದ್ದ. ಬಾಯಿ ತಪ್ಪಿ ಹೂಂ ಬಂದುಬಿಟ್ಟೀತು ಎಂಬ ಭಯ.

ಒಂದು ಮಧ್ಯಾಹ್ನ ಕತೆಗಾರ ಗಾಣದ ಹತ್ತಿರ ಬಂದು ಕುಳಿತ. ಹೂ ಮಾರುವ ಹೆಂಗಸು ಅಷ್ಟರಲ್ಲಿ ಅವನಿಗೆ ಅನ್ನ ನಿಲ್ಲಿಸಿದ್ದಳು.

"ಏನಯ್ಯ, ಹೇಗಿದ್ದೀಯ?"

"ನನ್ನದು ಬಿಡು. ಕುದುರೆ ಬದುಕಿದೆ," ಎಂದ ಗಾಣಿಗ. "ನಾನು ಬಾಯಿ ಮುಚ್ಚಿಕೊಂಡಿರುವ ತನಕ ಅದಕ್ಕೆ ಏನೂ ಆಗುವುದಿಲ್ಲ."

"ಅದೂ ನಿಜವೇ," ಎಂದ ಕತೆಗಾರ. "ಆದರೆ ರೆಕ್ಕೆ ಉರಿಯುತ್ತಲೇ ಇದೆಯಲ್ಲ, ಮಾರಾಯ. ನಾನು ನಿಲ್ಲಿಸಿದ್ದು ಅಲ್ಲೇ."

ಗಾಣಿಗನ ಕೈಯಿಂದ ಬಾರುಕೋಲು ಬಿತ್ತು.

"ಆವತ್ತಿನಿಂದಲೂ?"

"ಆವತ್ತಿನಿಂದಲೂ."

"ಹೂಂ!" ಎಂದು ಗಾಣಿಗ ಕಿರುಚಿದ. "ಹೂಂ! ಹೂಂ! ಹೂಂ! ಹೇಳೋ ಮಾರಾಯ, ಬೇಗ ಹೇಳೋ!"

ಆ ಕೂಗಿಗೆ ಎತ್ತು ಬೆದರಿ, ನೊಗ ಕಿತ್ತುಕೊಂಡು, ಹುಟ್ಟಿದಂದಿನಿಂದ ಮೊದಲ ಸಲ ನೆಟ್ಟಗೆ ಓಡಿತು. ಊರವರು ಕೈಯಲ್ಲಿದ್ದದ್ದನ್ನು ಬಿಟ್ಟು ಗಾಣದ ಕಡೆ ಓಡಿ ಬಂದರು. ಕತೆಗಾರ ಕುಳಿತಲ್ಲೇ ಹೇಳಿದ.

"ಕುದುರೆ ಕಣಿವೆ ದಾಟಿ ಆಚೆಯ ಕೆರೆಯೊಳಗೆ ಬಿತ್ತು."

"ಹೂಂ."

"ಬೆಂಕಿ ಆರಿತು. ರೆಕ್ಕೆ ಇರಲಿಲ್ಲ. ಕುದುರೆ ಇತ್ತು."

ಗಾಣಿಗ ಹೇಗೋ ಹೂಂ ಅಂದ.

"ಹುಡುಗಿ ಮಡಕೆಯ ಮುಚ್ಚಳ ತೆಗೆದಳು. ಬೆಳಗಾಯಿತು."

"ಹೂಂ."

"ಇಬ್ಬರೂ ನಡೆದುಕೊಂಡು ಮನೆಗೆ ಹೋದರು."

"ಹೂಂ," ಎಂದ ಗಾಣಿಗ. ಈ ಹೂಂ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಲಿಲ್ಲ.

"ಅಷ್ಟೇನಾ?" ಎಂದ ವರ್ತಕ. "ಮಾಂತ್ರಿಕ ಎಲ್ಲಿ ಸತ್ತ? ನರಳಲೇ ಇಲ್ಲವಲ್ಲ!"

"ಬೆಳಕು ಕಂಡು ಅವನು ಕಣ್ಣುಜ್ಜಿಕೊಳ್ಳುತ್ತಾ ಕೂತಿದ್ದಾನೆ. ಇನ್ನೂ ಉಜ್ಜಿಕೊಳ್ಳುತ್ತಿದ್ದಾನೆ."

"ಆ ರಾಜಕುಮಾರ?" ಎಂದಳು ಹೂ ಮಾರುವ ಹೆಂಗಸು.

"ದಾರಿ ತಪ್ಪಿಹೋದ."

"ಸದ್ಯ!" ಎಂದಳು ಅವಳು. ಅವತ್ತು ಕತೆಗಾರನಿಗೆ ಊಟ ಸಿಕ್ಕಿತು.

ಗಾಣಿಗ ಹಿಂಡಿಯ ರಾಶಿಗೆ ಒರಗಿ ಕುಳಿತು, ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ. "ರೆಕ್ಕೆ ಹೋಗಬಾರದಿತ್ತು," ಎಂದ. ಹಾಗೆನ್ನುತ್ತಲೇ ನಿದ್ದೆ ಹೋದ. ಎತ್ತು ತಾನಾಗಿ ವಾಪಸು ಬಂದು ಮುಖ ನೆಕ್ಕಿದರೂ ಅವನಿಗೆ ಎಚ್ಚರವಾಗಲಿಲ್ಲ. ಆ ಸಂಜೆ ಊರಿನಲ್ಲಿ ಯಾರ ಮನೆಯ ಹಾಲೂ ಉಕ್ಕಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಕ್ಕಳೆಲ್ಲ ಮಲಗಿಬಿಟ್ಟಿದ್ದರು.

ಆಮೇಲೆ ಗಾಣಿಗ ಬದುಕಿರುವ ತನಕ ಆ ಕೊನೆಯನ್ನು ಬೈದ. ಎಣ್ಣೆ ಕೊಳ್ಳಲು ಬಂದವರನ್ನು ಕೂರಿಸಿಕೊಂಡು, ರೆಕ್ಕೆ ಯಾಕೆ ಹೋಗಬಾರದಿತ್ತು ಎಂದು ಮೊದಲ ಭಾಗದಿಂದ ಶುರುಮಾಡಿ ವಿವರಿಸುತ್ತಿದ್ದ. ಮನೆಯಲ್ಲಿ ಎಣ್ಣೆ ಇದ್ದವರೂ ಕೊಳ್ಳಲು ಬರುತ್ತಿದ್ದರು.

ಗುರುಗಳು ಕತೆ ಮುಗಿಸಿ ಕಡಲೆಕಾಯಿಯ ಸಿಪ್ಪೆ ಕೊಡವಿಕೊಂಡರು.

"ಅದೆಲ್ಲ ಸರಿ, ಗುರುಗಳೇ," ಎಂದ ಶಿಷ್ಯ. "ಗಾಣಿಗನಿಗೆ ಕೊನೆಗೂ ತೃಪ್ತಿಯಾಯಿತೋ, ಇಲ್ಲವೋ?"

ಗುರುಗಳು ಮೂಗು ಎತ್ತಿ ಒಂದು ಸಲ ಗಾಳಿಯನ್ನು ಮೂಸಿ ನೋಡಿದರು.

"ಅದಿರಲಿ, ನಿನ್ನ ಜೇಬಿನಿಂದ ರೆಕ್ಕೆ ಸುಡುವ ವಾಸನೆ ಬರುತ್ತಿದೆಯಲ್ಲ."