ಮೆಲುಕು ಹಾಕುವವರೆಗೆ

“ಜೋಳ ಬೀಸಿಸ್ಕೊಂಡು ಲಗೂನ ಬರ್ರಿ. ಅಷ್ಟರಾಗ ನಾ ಎಸರು ಇಡ್ತೀನಿ.”

ಈರಬಸಪ್ಪನಿಗೆ ಅವನ ಹೆಂಡತಿ ಶಿವಗಂಗವ್ವ ಆಡಿದ ಕಡೆಯ ಮಾತು ಇದು. ಅವನು ಗಿರಣಿಯಲ್ಲಿ ಸರದಿಗೆ ನಿಂತಿದ್ದ. ಎದುರು ಮನೆಯವರು ಓಡಿ ಬಂದು ಕರೆದರು. ಮನೆ ಮುಟ್ಟಿದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳ ಉಸಿರು ನಿಂತಿತ್ತು.

ಮಣ್ಣು ಕೊಟ್ಟು, ಕಾರ್ಯ ಮುಗಿಸಿ, ಅವನು ಮತ್ತೆ ಗಿರಣಿಗೆ ಹೋದ. ಹೊಟ್ಟೆ ಕೇಳಬೇಕಲ್ಲ. ಗಿರಣಿಯ ಪಟ್ಟಾ ತಿರುಗುವ ಸದ್ದು ಕಿವಿಗೆ ಬಿದ್ದದ್ದೇ ತಡ, ಎದೆ ಡವಡವ ಹೊಡೆದುಕೊಂಡಿತು. ಬಾಯಿ ಒಣಗಿತು. ಉಸಿರು ಸಿಗಲಿಲ್ಲ. ನಾನೂ ಹೋದೆ ಎಂದುಕೊಂಡ. ಚೀಲ ಎತ್ತಿಕೊಂಡು ಮನೆಗೆ ಓಡಿದ. ಮನೆಯೊಳಗೆ ಕಾಲಿಟ್ಟ ಮೇಲೆ ಜೀವ ಬಂತು.

ಡಾಕ್ಟರು ಎದೆಗೆ ವೈರು ಹಚ್ಚಿ ನೋಡಿದರು. “ಗುಂಡಿಗೆ ಗಟ್ಟಿ ಐತಿ. ಇದು ಗಾಬರಿ” ಎಂದು ಗುಳಿಗೆ ಕೊಟ್ಟರು. ಗುಳಿಗೆಯಿಂದ ನಿದ್ದೆ ಬಂತು. ಗಿರಣಿ ಮಾತ್ರ ದೂರವೇ ಉಳಿಯಿತು. ಮೊದಲು ಗಿರಣಿ ಬಿಟ್ಟ. ಆಮೇಲೆ ಗಿರಣಿಯ ಓಣಿ ಬಿಟ್ಟ. ಆಮೇಲೆ ಅಂಗಡಿ, ಕಟ್ಟೆ, ಮಂದಿ. ತಂಗಿ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಮೂಲೆಯಲ್ಲಿದ್ದ ಜೋಳಕ್ಕೆ ನುಸಿ ಹತ್ತಿತು.

ಒಂದು ದಿನ ಧೈರ್ಯ ಮಾಡಿ, ಊರ ಹಿಂದಿನಿಂದ ಕೆರೆಯ ದಂಡೆ ಹಿಡಿದು, ಮಠಕ್ಕೆ ಬಂದ. ಮಠದ ಸ್ವಾಮಿಗಳಾದ ಅಜ್ಜಾರು ದಾಸೋಹಕ್ಕೆಂದು ಕಡಲೆ ಹಸನು ಮಾಡುತ್ತ ಕೂತಿದ್ದರು. ಅಡ್ಡಬಿದ್ದು ಕೇಳಿದ:

“ಅಜ್ಜಾರ, ಡಾಕ್ಟರು ಏನೂ ಆಗಿಲ್ಲ ಅಂತಾರ. ಎದಿ ಈಗ ಸಾಯ್ತಿ, ಆಗ ಸಾಯ್ತಿ ಅಂತೈತಿ. ಯಾರ ಮಾತು ನಂಬಲಿ?”

ಅಜ್ಜಾರು ಕಡಲೆಯಿಂದ ಕಣ್ಣು ತೆಗೆಯದೆ ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಅವನಿಗೊಂದು ಒಳ್ಳೆಯ ಎತ್ತು. ಒಂದು ಸಲ ಹಳ್ಳದ ಸೇತುವೆಯ ಹಲಗೆ ಆ ಎತ್ತಿನ ಕಾಲ ಕೆಳಗೆ ಮುರಿಯಿತು. ಕಾಲಿಗೆ ಏನೂ ಆಗಲಿಲ್ಲ. ಊರವರು ಹಲಗೆ ಕಿತ್ತು ಸೇತುವೆಗೆ ಕಲ್ಲು ಹಾಸಿದರು. ಆದರೂ ಮರುದಿನ ಸೇತುವೆ ಕಂಡಾಗ ಎತ್ತು ನಡುಗಿತು. ಗಾಡಿಯವನು ಪಾಪ ಎಂದ. ತಿರುಗಿಸಿಕೊಂಡು ಮನೆಗೆ ತಂದ, ಹಿಂಡಿ ತಿನ್ನಿಸಿದ.

ಅಂದಿನಿಂದ ಅವನು ಸುತ್ತು ದಾರಿ ಹಿಡಿದ. ಎತ್ತು ಸೇತುವೆಯ ಈಚೆಗಿನ ಹುಣಸೆ ಮರ ಕಂಡರೂ ನಡುಗತೊಡಗಿತು. ಆಮೇಲೆ ಊರ ಬಾಗಿಲಾದ ಅಗಸಿಯಲ್ಲೇ ನಿಂತಿತು. ಕಡೆಗೆ ನೊಗ ತಂದರೆ ಸಾಕು, ಮೈ ಬೆವರುತ್ತಿತ್ತು. ಬಾರುಕೋಲಿನಿಂದ ಹೊಡೆದು ನೋಡಿದ. ಹೆದರಿಕೆ ಒಂದಿದ್ದದ್ದು ಎರಡಾಯಿತು. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ ನೋಡಿದ. ಬಟ್ಟೆ ಬಿಚ್ಚಿದ ಕೂಡಲೇ ಹಿಂದಿನದೇ ಪಾಡು.

“ಸಂತಿಗೆ ಹೊಡೀತೀನಿ ಇದನ್ನ” ಎಂದ ಹೆಂಡತಿಗೆ. ಸಂತೆಯಲ್ಲಿ ಕೆಲಸಕ್ಕೆ ಬಾರದ ಎತ್ತನ್ನು ಕೊಳ್ಳುವವರು ಕಟುಕರೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೆಂಡತಿ ಎಂದಳು: “ಎತ್ತಿನ ತಪ್ಪೇನೈತಿ? ಕಲಿಸಿದವ್ರು ನೀವು. ಅದು ನಡುಗಿದಾಗೆಲ್ಲ ಮನೀಗೆ ಕರ್ಕೊಂಡು ಬಂದ್ರಿ. ಮನಿ ಮುಟ್ಟಿದ್ದಕ್ಕ ಜೀವ ಉಳೀತು ಅಂತ ತಿಳ್ಕೊಂಡೈತಿ. ನಾಳೆ ನಾನೂ ಬರ್ತೀನಿ. ನೊಗ ಬ್ಯಾಡ, ಗಾಡಿ ಬ್ಯಾಡ. ಬರೇ ಹಗ್ಗ ಹಿಡೀರಿ.”

ಮರುದಿನ ಇಬ್ಬರೂ ಎತ್ತನ್ನು ಹಗ್ಗ ಹಿಡಿದು ಅಗಸಿಗೆ ತಂದರು. ಎತ್ತು ನಡುಗಿತು. ಅಲ್ಲೇ ನಿಲ್ಲಿಸಿದರು. ಬಾಯಲ್ಲಿ ನೊರೆ ಬಂತು. ಗಾಡಿಯವನ ಮುಖ ಸಣ್ಣದಾಯಿತು.

“ತಿರುಗಿಸೋಣು. ಸಾಯ್ತೈತಿ ಇದು.”

“ನಡುಗಿ ಸತ್ತ ಎತ್ತು ಎಲ್ಲ್ಯರ ನೋಡೀರೇನು? ಹಗ್ಗ ಸಡ್ಲ ಬಿಡ್ರಿ. ಮೊದಲ ನೀವು ಉಸಿರು ಬಿಡ್ರಿ, ಉದ್ದಕ. ನಿಮ್ಮ ಕೈ ನಡುಗೂದು ಹಗ್ಗದಾಗಿಂದ ಅದಕ ಮುಟ್ಟತೈತಿ.”

ಅವನು ಹಗ್ಗ ಸಡಿಲ ಬಿಟ್ಟ. ಉಸಿರನ್ನು ನಿಧಾನ ಹೊರಗೆ ಬಿಟ್ಟ. ಮತ್ತೆ ಬಿಟ್ಟ. ಎತ್ತಿನ ಡುಬ್ಬದ ಮೇಲೆ ಕೈ ಇಟ್ಟ. ನಡುಕ ಏರಿತು. ಇನ್ನೂ ಏರಿತು. ಏರಲು ಮುಂದೆ ಜಾಗವಿಲ್ಲದೆ ನಿಂತಿತು. ಆಮೇಲೆ ತಾನಾಗಿಯೇ ಇಳಿಯಿತು. ಯಾರೂ ಇಳಿಸಲಿಲ್ಲ. ಎತ್ತು ತಲೆ ತಗ್ಗಿಸಿ ನೆಲ ಮೂಸಿತು. ಬಾಲ ಬೀಸಿ ನೊಣ ಓಡಿಸಿತು. ಬಹಳ ಹೊತ್ತಿನ ಮೇಲೆ ದವಡೆ ಆಡಿಸಿ ಮೆಲುಕು ಹಾಕಿತು.

“ಈಗ ತಿರುಗಿಸ್ರಿ” ಎಂದಳು.

ಹಾಗೆಯೇ ದಿನವೂ ಹೋದರು. ಅಗಸಿ ದಾಟಿ ತುಸು ಮುಂದೆ, ಅದರ ಮುಂದೆ ಇನ್ನೂ ತುಸು. ನಡುಗಿದಲ್ಲಿ ನಿಂತರು. ಮೆಲುಕು ಹಾಕಿದ ಮೇಲೆಯೇ ತಿರುಗಿದರು. ಒಮ್ಮೆ ಗಾಳಿ ಜೋರಾಗಿ, ಎತ್ತು ಮತ್ತೆ ಅಗಸಿಯಲ್ಲೇ ನಡುಗಿತು. ಗಾಡಿಯವನು ತಲೆ ಚಚ್ಚಿಕೊಂಡ. “ಆತು ಬಿಡ್ರಿ, ಇವತ್ತು ಇಲ್ಲೇ ನಿಂದ್ರೂಣು” ಎಂದು ಅವಳು ಸೆರಗು ಹೊದ್ದು ಕಲ್ಲಿನ ಮೇಲೆ ಕೂತಳು. ಹೀಗೆ ಹೋಗಿ ಹೋಗಿ, ಒಂದು ದಿನ ಎತ್ತು ಸೇತುವೆಯ ನಡುವೆ ನಿಂತು ಮೆಲುಕು ಹಾಕಿತು.

ಅಜ್ಜಾರು ಕತೆ ನಿಲ್ಲಿಸಿ ಕಡಲೆಯಲ್ಲಿದ್ದ ಒಂದು ಹರಳನ್ನು ಆರಿಸಿ ಬಿಸುಟರು.

ಈರಬಸಪ್ಪ ಕೇಳಿದ: “ಆಮ್ಯಾಲೆ ಆ ಎತ್ತಿನ ಅಂಜಿಕಿ ಪೂರಾ ಹೋತೇನ್ರಿ?”

“ಎಲ್ಲಿ ಹೋಗತೈತಿ? ಸೇತುವೆ ಬಂದಾಗೆಲ್ಲ ಕಿವಿ ನಿಮಿರ್ತಿದ್ವು. ಕಿವಿ ನಿಮಿರಿಸ್ಕೊಂಡ ದಾಟ್ತಿತ್ತು.”

ಈರಬಸಪ್ಪನಿಗೆ ತುಸು ನಗು ಬಂತು. ಹೆಂಡತಿ ಹೋದ ಮೇಲೆ ಇದೇ ಮೊದಲು. ಆ ಗಾಡಿಯವನ ಹೆಂಡತಿಯ ಮಾತು ಶಿವಗಂಗವ್ವನ ಮಾತಿನಂತೆಯೇ ಇದೆ ಎಂದುಕೊಂಡ. ಅಜ್ಜಾರು ಆಗ ತಲೆ ಎತ್ತಿ ಅವನನ್ನು ನೋಡಿದರು.

“ತಮ್ಮಾ, ಮಠಕ್ಕ ನೀ ಯಾವ ದಾರಿ ಹಿಡಿದು ಬಂದಿ?”

ಈರಬಸಪ್ಪ ತಾನು ಸುತ್ತಿ ಬಂದ ಕೆರೆಯ ದಂಡೆಯ ಕಡೆ ತಿರುಗಿ ನೋಡಿದ.

ಮರುದಿನ ಬೆಳಿಗ್ಗೆ ಅವನು ಜೋಳ ಮೊರದಲ್ಲಿ ಹಾಕಿ ಕೇರಿದ. ನುಸಿ ಹಾರಿಸಿ ಚೀಲಕ್ಕೆ ತುಂಬಿದ. ಗಿರಣಿಯ ಓಣಿಯ ಮೂಲೆಯವರೆಗೆ ಹೋದ. ಪಟ್ಟಾದ ಸದ್ದು ಕೇಳಿಸಿತು. ಎದೆ ಹೊಡೆದುಕೊಂಡಿತು, ಬಾಯಿ ಒಣಗಿತು. ಚೀಲ ಇಳಿಸಿ ಅಲ್ಲೇ ನಿಂತ. ಉಸಿರು ಉದ್ದಕ್ಕೆ ಬಿಟ್ಟ. ಹೋಗಿ ಬರುವವರು ಮಾತಾಡಿಸಿದರು. ಒಣ ಬಾಯಲ್ಲೇ ಹೂಂ ಎಂದ. ಬಾಯಲ್ಲಿ ಮತ್ತೆ ಉಗುಳು ಬರುವವರೆಗೂ ನಿಂತಿದ್ದು, ಆಮೇಲೆ ನಡೆದೇ ಮನೆಗೆ ಬಂದ. ಜೋಳದ ಚೀಲವನ್ನು ಒಳಗಿನ ಮೂಲೆಗೆ ಒಯ್ಯಲಿಲ್ಲ. ನಾಳೆಗೆ ಬೇಕೆಂದು ಹೊಸ್ತಿಲ ಬದಿಗೆ ಇಟ್ಟ.