ಉಳಿ ಹಿಡಿದ ಕೈ

“ಚೆಂಡು ಇಲ್ಲದಾಗ ನನ್ನ ಬೀಸು ಸರಿಯಾಗಿರುತ್ತದೆ. ಚೆಂಡು ಮುಂದಿದ್ದರೆ ಕೆಡುತ್ತದೆ. ಕೈ ಅದೇ, ಕೋಲು ಅದೇ, ನಿಲ್ಲುವ ರೀತಿಯೂ ಅದೇ. ಹೀಗೇಕೆ?”

ಗಾಲ್ಫ್ ಮೈದಾನದ ಅಂಚಿನಲ್ಲಿ ಶಿಷ್ಯನೊಬ್ಬ ತನ್ನ ಗುರುವನ್ನು ಕೇಳಿದ. ಮರುದಿನ ಅವನಿಗೆ ಪಂದ್ಯವಿತ್ತು. ಬೆಳಿಗ್ಗೆಯಿಂದ ಅವನು ನೂರು ಸಲ ಬರಿಗಾಳಿಗೆ ಬೀಸಿದ್ದ. ನೂರೂ ಸರಿಯಾಗಿದ್ದವು. ಆಮೇಲೆ ನಲವತ್ತು ಚೆಂಡು ಹೊಡೆದ. ನೇರವಾಗಿ ಹೋದದ್ದು ಏಳು.

ಗುರು ಕುಳಿತುಕೊಂಡು ಕತೆ ಹೇಳಿದ.

ಒಬ್ಬ ಕಲ್ಲುಕುಟಿಗನಿದ್ದ. ದೊಡ್ಡ ಬಂಡೆಗಳನ್ನು ಸೀಳುವುದು ಅವನ ಕೆಲಸ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಉದ್ದನೆಯ ಉಳಿಯನ್ನು ಬಂಡೆಯ ಮೇಲೆ ನೆಟ್ಟಗೆ ಹಿಡಿದು ಕೂರಬೇಕು. ಇನ್ನೊಬ್ಬರು ನಿಂತು ಸಮ್ಮಟಿಗೆಯನ್ನು ಬೀಸಿ ಉಳಿಯ ತಲೆಗೆ ಹೊಡೆಯಬೇಕು. ಹಾಗೆ ಸಾಲಾಗಿ ಕುಳಿ ಕೊರೆದು, ಕುಳಿಗಳಲ್ಲಿ ಬೆಣೆ ಇಟ್ಟು ಬಡಿದರೆ ಬಂಡೆ ಗೆರೆ ಹಿಡಿದು ಎರಡಾಗುತ್ತದೆ.

ಹತ್ತು ವರ್ಷ ಅವನ ಅಣ್ಣ ಉಳಿ ಹಿಡಿದ. ಅಣ್ಣನ ಕೈಯ ಬಗ್ಗೆ ಅವನು ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಅಣ್ಣನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಅಣ್ಣ ಹೋದ ಮೇಲೆ ಕಲ್ಲುಕುಟಿಗನ ಹೆಂಡತಿ ಉಳಿ ಹಿಡಿದು ಕುಳಿತಳು. ಅವಳೂ ಕಲ್ಲಿನ ಕೆಲಸದವರ ಮಗಳು. ಉಳಿ ಹಿಡಿಯುವುದು ಅವಳಿಗೆ ಹೊಸದಲ್ಲ.

ಗಂಡ ಹೆಂಡತಿ ಕೆಲಸ ಕೇಳಿಕೊಂಡು ಹೊಸದೊಂದು ಕಲ್ಲುಗಣಿಗೆ ಹೋದರು. ಅಲ್ಲಿಯ ಮೇಸ್ತ್ರಿ ಆಳುದ್ದದ ಒಂದು ಬಂಡೆ ತೋರಿಸಿ ಹೇಳಿದ: “ಸಂಜೆಯೊಳಗೆ ಇದು ಎರಡಾಗಬೇಕು. ಎರಡಾದರೆ ಕೆಲಸ ನಿಮ್ಮದು. ಇಲ್ಲವಾದರೆ ಹೊರಗೆ ಇನ್ನೊಂದು ಜೋಡಿ ಕಾಯ್ತಾ ಇದೆ.”

ಆ ಬಂಡೆಗೆ ಎಂಟು ಕುಳಿ ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಆದದ್ದು ಎರಡು.

ಕಲ್ಲುಕುಟಿಗನಿಗೆ ಶಕ್ತಿ ಕಡಿಮೆಯಿರಲಿಲ್ಲ. ಬಂಡೆಯ ಪಕ್ಕದಲ್ಲಿ ಕಲ್ಲುಪುಡಿಯ ಗುಡ್ಡೆಯಿತ್ತು. ಹೊಡೆಯುವ ಮೊದಲು ಅವನು ಆ ಗುಡ್ಡೆಗೆ ಎರಡು ಮೂರು ಸಲ ಬರಿದೇ ಬೀಸಿಕೊಳ್ಳುತ್ತಿದ್ದ. ಆ ಬೀಸನ್ನು ನೋಡಲು ಗಣಿಯ ಬೇರೆ ಆಳುಗಳೂ ಕೆಲಸ ನಿಲ್ಲಿಸುತ್ತಿದ್ದರು. ಸಮ್ಮಟಿಗೆ ಹಿಂದಿನಿಂದ ಎದ್ದು, ತಲೆಯ ಮೇಲೆ ದಾಟಿ, ತನ್ನ ಭಾರದಲ್ಲೇ ಇಳಿದು ಪುಡಿಯೊಳಗೆ ಹೂತುಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ತೆರೆಯುವ ಅಗತ್ಯವೇ ಇರಲಿಲ್ಲ.

ಆಮೇಲೆ ಅವನು ಬಂಡೆಯ ಕಡೆ ತಿರುಗುತ್ತಿದ್ದ. ಅಲ್ಲಿ ಉಳಿಯಿತ್ತು. ಉಳಿಯನ್ನು ಹಿಡಿದ ಕೈಯಿತ್ತು. ಸಮ್ಮಟಿಗೆ ಮೇಲೇಳುವಾಗ ಸರಿಯಾಗಿಯೇ ಏಳುತ್ತಿತ್ತು. ಇಳಿಯುವಾಗ, ಉಳಿಯ ತಲೆಗೆ ಇನ್ನೂ ಒಂದು ಮೊಳ ಇರುವಾಗಲೇ ಅವನ ಮೊಣಕೈ ಮಡಚಿಕೊಳ್ಳುತ್ತಿತ್ತು. ಏಟು ಉಳಿಯ ಅಂಚಿಗೆ ಬೀಳುತ್ತಿತ್ತು. ಉಳಿ ಜಿಗಿಯುತ್ತಿತ್ತು. ಬಂಡೆ ಹಾಗೆಯೇ ಇರುತ್ತಿತ್ತು.

ಮೇಸ್ತ್ರಿ ಒಮ್ಮೆ ಆ ಕಡೆ ಬಂದು ಸ್ವಲ್ಪ ಹೊತ್ತು ನಿಂತು ನೋಡಿದ. “ಏನಯ್ಯಾ, ಪುಡಿಗೆ ಸಮ್ಮಟಿಗೆಯಲ್ಲಿ ಹೊಡೀತೀಯ, ಬಂಡೆಗೆ ಗಾಳಿ ಹಾಕ್ತೀಯ. ಬಂಡೆಗೇನು ಸೆಕೆ ಆಗ್ತಾ ಇದೆಯೇ?” ಎಂದ. ಆಳುಗಳು ನಕ್ಕರು. ಕಲ್ಲುಕುಟಿಗ ನಗಲಿಲ್ಲ. ಅವನು ಇನ್ನೂ ಎಚ್ಚರಿಕೆಯಿಂದ ಹೊಡೆಯತೊಡಗಿದ. ಏಟು ಇನ್ನೂ ಕೆಟ್ಟವು. ಒಂದು ಏಟು ಜಾರಿ ಹೆಂಡತಿಯ ಬೆರಳ ಪಕ್ಕದಲ್ಲೇ ಬಂಡೆಗೆ ಬಡಿಯಿತು.

ಹೆಂಡತಿ ಎದ್ದು ನಿಂತಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಬುಟ್ಟಿ ಕಲ್ಲುಪುಡಿ ತುಂಬಿ ತಂದು ಮೂರನೆಯ ಕುಳಿಯ ಗುರುತಿನ ಮೇಲೆಯೇ ಸುರಿದಳು.

“ಇಲ್ಲಿ ಬೀಸಿಕೋ. ನಾನು ಸ್ವಲ್ಪ ಸುಧಾರಿಸಿಕೊಳ್ತೀನಿ,” ಎಂದಳು.

ಅವನು ಕಣ್ಣು ಮುಚ್ಚಿ ಬೀಸಿದ. ಅವಳು ಪಕ್ಕದಲ್ಲಿ ನಿಂತು ಪುಡಿಯನ್ನು ನೋಡಿದಳು. ಮೊದಲ ಏಟಿಗೆ ಒಂದು ಗುಳಿ ಬಿತ್ತು. ಎರಡನೆಯದು ಅದೇ ಗುಳಿಯೊಳಗೆ ಬಿತ್ತು. ಮೂರನೆಯದೂ ಅಲ್ಲೇ. ಗುಳಿಯ ಅಂಚು ಒಂದು ಬೆರಳಿನಷ್ಟೂ ಆಚೀಚೆ ಆಗಿರಲಿಲ್ಲ.

ಅವನು ನಾಲ್ಕನೆಯ ಸಲಕ್ಕೆ ಉಸಿರು ತೆಗೆದುಕೊಳ್ಳುವಾಗ ಅವಳು ಸದ್ದಿಲ್ಲದೆ ಮಂಡಿಯೂರಿದಳು. ಗುಳಿಯ ನಡುವೆ ಉಳಿಯನ್ನು ಇಳಿಸಿ ಬಂಡೆಗೆ ಊರಿದಳು. ಪುಡಿಯೊಳಗೆ ಕೈ ಹಾಕಿ ಗಟ್ಟಿಯಾಗಿ ಹಿಡಿದಳು.

ಸಮ್ಮಟಿಗೆ ಇಳಿಯಿತು. ಗಣಿಗೆಲ್ಲ ಕೇಳುವಂತೆ ಉಳಿ ಖಣ್ ಎಂದಿತು. ಒಂದೇ ಏಟಿಗೆ ಅದು ಬಂಡೆಯನ್ನು ಕಚ್ಚಿತ್ತು.

ಕಲ್ಲುಕುಟಿಗ ಕಣ್ಣು ತೆರೆದ. ಸಮ್ಮಟಿಗೆಯನ್ನು ಎಸೆದ.

“ಹುಚ್ಚು ಹಿಡಿದಿದೆಯೇನೇ ನಿನಗೆ? ಕೈ ಹೋಗಿದ್ದರೆ?”

“ನೋಡಿಯೇ ಇಟ್ಟೆ. ಮೂರು ಏಟಿಗೂ ಗುಳಿ ಒಂದೇ. ನೀನು ಕಣ್ಣು ಬಿಟ್ಟುಕೊಂಡು, ನನ್ನ ಕೈ ಉಳಿಸೋಕೆ ಅಂತ ಹೊಡೀತೀಯಲ್ಲ, ಆ ಏಟು ಎಲ್ಲಿ ಬೀಳುತ್ತೆ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ನನಗೆ ಹೆದರಿಕೆ ಆಗಿರೋದು ಅದಕ್ಕೆ.”

ಗುರು ಇಲ್ಲಿ ಕತೆ ನಿಲ್ಲಿಸಿದ.

ಶಿಷ್ಯ ಒಪ್ಪಲಿಲ್ಲ. “ಆ ಏಟು ಲೆಕ್ಕಕ್ಕಿಲ್ಲ. ಅಲ್ಲಿ ಕೈಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಚೆಂಡು ಕಾಣುತ್ತದೆ. ಗೊತ್ತಾದ ಮೇಲೆ ಅವನು ಹೇಗೆ ಹೊಡೆದ?”

“ಕೇಳಬೇಕಾದದ್ದು ಅದನ್ನೇ,” ಎಂದು ಗುರು ಮುಂದುವರಿಸಿದ.

ಹೆಂಡತಿ ಪುಡಿಯನ್ನೆಲ್ಲ ಬಳಿದು ಹಾಕಿದಳು. ಈಗ ಕೈ ಪೂರ್ತಿ ಕಾಣುತ್ತಿತ್ತು. ಅವನು ಸಮ್ಮಟಿಗೆ ಎತ್ತಿದ. ಹಾಗೆಯೇ ಕೆಳಗಿಳಿಸಿದ.

“ಆಗಲ್ಲ ಕಣೇ. ಕೈ ಕಾಣ್ತಾ ಇದೆ.”

“ಕಾಣಲಿ ಬಿಡು. ಈ ಕೈ ನನ್ನದು. ಅದನ್ನು ಎಲ್ಲಿ ಇಡಬೇಕು ಅಂತ ನೋಡಿಕೊಳ್ಳೋದು ನನ್ನ ಕೆಲಸ. ಬೀಸೋದು ನಿನ್ನ ಕೆಲಸ. ನೀನು ಎರಡೂ ಮಾಡೋಕೆ ಹೋಗಿ ಎರಡನ್ನೂ ಕೆಡಿಸ್ತಾ ಇದೀಯ.”

ಅವನು ಪುಡಿಯ ಗುಡ್ಡೆಯ ಕಡೆ ನೋಡಿದ. ಪುಡಿಗೆ ಬೀಸುವಾಗ ಸಮ್ಮಟಿಗೆ ಎಲ್ಲಿ ನಿಲ್ಲುತ್ತಿತ್ತು ಎಂದು ನೆನಪು ಮಾಡಿಕೊಂಡ. ಪುಡಿಯ ಮೇಲೆ ಅದು ನಿಲ್ಲುತ್ತಿರಲಿಲ್ಲ. ಪುಡಿಯನ್ನು ದಾಟಿ ತಳಕ್ಕೆ ಹೋಗುತ್ತಿತ್ತು. ಉಳಿಗೆ ಹೊಡೆಯುವಾಗ ಅವನು ಉಳಿಯ ತಲೆಯನ್ನೇ ಕೊನೆ ಎಂದುಕೊಂಡಿದ್ದ. ಕೊನೆ ಹತ್ತಿರ ಬಂತೆಂದು ಒಂದು ಮೊಳ ಮೊದಲೇ ತಡೆಯುತ್ತಿದ್ದ.

ಅವನು ಕೈಯಿಂದ ಕಣ್ಣು ತೆಗೆದ. ಉಳಿಯ ತಲೆಯಿಂದಲೂ ತೆಗೆದ. ಉಳಿಯ ಮೊನೆ ಬಂಡೆಯನ್ನು ಕಚ್ಚಿದ್ದ ಜಾಗದಲ್ಲಿ ಕಣ್ಣು ನೆಟ್ಟ. ಸಮ್ಮಟಿಗೆಯನ್ನು ಅಲ್ಲಿಗೆ ಕಳಿಸಿದ. ದಾರಿಯಲ್ಲಿ ಉಳಿ ಸಿಕ್ಕಿತು.

ಖಣ್.

ಅವಳು ಹಿಡಿದಲ್ಲೇ ಉಳಿಯನ್ನು ತುಸು ತಿರುಗಿಸಿದಳು. ಅವನು ಮತ್ತೆ ಕಳಿಸಿದ. ಹತ್ತನೆಯ ಏಟಿನ ಹೊತ್ತಿಗೆ ಮೊಣಕೈ ಮಡಚುವುದು ನಿಂತಿತ್ತು. ಇಪ್ಪತ್ತನೆಯ ಏಟಿಗೆ ಅವಳು ಅವನ ಕಡೆ ನೋಡುವುದನ್ನೇ ಬಿಟ್ಟು ಪಕ್ಕದ ಬಂಡೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನ ಜೊತೆ ಮಾತಿಗೆ ತೊಡಗಿದ್ದಳು. ಅವನು ಗದರಿದ್ದಕ್ಕೆ, “ನಿನ್ನ ಕೆಲಸ ನೀನು ಮಾಡು,” ಎಂದಳು.

ಹೊತ್ತು ಇಳಿಯುವ ಮೊದಲು ಎಂಟು ಕುಳಿ ಆದವು. ಬೆಣೆಗಳನ್ನು ಇಟ್ಟು ಸಾಲಾಗಿ ಬಡಿದುಕೊಂಡು ಬಂದ. ಮೂರನೆಯ ಸಲ ಬಡಿಯುತ್ತ ಬರುವಾಗ ಬಂಡೆಯೊಳಗಿಂದ ಬಟ್ಟೆ ಹರಿದಂಥ ಸದ್ದು ಬಂತು. ಬಂಡೆ ಎರಡಾಯಿತು. ಮೇಸ್ತ್ರಿ ಬಂದು ಸೀಳಿದ ಮೈಯ ಮೇಲೆ ಅಂಗೈ ಆಡಿಸಿದ. ಅದು ನೇರವಾಗಿತ್ತು. “ನಾಳೆ ಬೇಗ ಬನ್ನಿ,” ಎಂದಷ್ಟೇ ಹೇಳಿ ಹೋದ. ಅವರು ಆ ಗಣಿಯಲ್ಲಿ ಬಹಳ ವರ್ಷ ಕೆಲಸ ಮಾಡಿದರು.

ಕತೆ ಮುಗಿಯಿತು. ಶಿಷ್ಯನ ಮುಖ ತಿಳಿಯಾಗಿತ್ತು.

“ಅರ್ಥವಾಯಿತು,” ಎಂದ. “ಚೆಂಡನ್ನು ಕೊನೆ ಎಂದುಕೊಳ್ಳಬಾರದು. ಅದು ದಾರಿಯಲ್ಲಿ ಸಿಗುವಂಥದ್ದು. ಕಲ್ಲುಕುಟಿಗ ಹೆಂಡತಿಯ ಕೈಗೆ ಪೆಟ್ಟಾದೀತೆಂದು ಹೆದರಿದ, ಅದಕ್ಕೇ ಬೀಸನ್ನು ತಡೆದ. ಅವನ ತೊಂದರೆಯೂ ನನ್ನ ತೊಂದರೆಯೂ ಒಂದೇ.”

“ಒಂದೇ ಅಲ್ಲ,” ಎಂದ ಗುರು. “ಅವನ ಉಳಿಯನ್ನು ಅವನ ಹೆಂಡತಿ ಹಿಡಿದಿದ್ದಳು; ನಿನ್ನ ಚೆಂಡನ್ನು ಯಾರೂ ಹಿಡಿದಿಲ್ಲವಲ್ಲ, ನೀನು ಬೀಸನ್ನು ತಡೆಯುವುದು ಯಾರನ್ನು ಕಾಯಲು?”